ಎರಡು ಕಡೆಯ ಮಾತ್ರೆ, ಒಬ್ಬರೇ ರೋಗಿ

ಎಚ್‌ಐವಿ ಜೊತೆಗೆ ಔಷಧ ನಿರೋಧಕ ಕ್ಷಯವೂ ಇರುವವರಿಗೆ ಒಂದು ಬಗೆಯ ಮಾತ್ರೆ ಎಆರ್‌ಟಿ (ಎಚ್‌ಐವಿ ಚಿಕಿತ್ಸೆ) ಕೇಂದ್ರದಿಂದಲೂ ಇನ್ನೊಂದು ಬಗೆಯದು ಟಿಬಿ ವಿಭಾಗದಿಂದಲೂ ಸಿಗುತ್ತದೆ. ಎಆರ್‌ಟಿ ಕೇಂದ್ರದಲ್ಲಿ ಔಷಧಿ ವಿತರಿಸುವ ನನ್ನ ಕೆಲಸ ಕಲಿಸಿದ್ದಿಷ್ಟು: ಎಚ್‌ಐವಿ ಚಿಕಿತ್ಸೆಯ ವಿವರವಿರುವ ರೋಗಿಯ ಹಸಿರು ಪುಸ್ತಕವನ್ನೂ ಟಿಬಿ ಕಾರ್ಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದ ಮೇಲೆಯೇ ಮಾತ್ರೆ ಕೈಗೆ ಕೊಡಬೇಕು.

ಸಾಮಾನ್ಯ ಟಿಬಿಗೆ ಕೊಡುವ ರಿಫಾಂಪಿಸಿನ್, ಎಚ್‌ಐವಿಗೆ ಕೊಡುವ ಡೋಲುಟೆಗ್ರಾವಿರ್‌ನ ಪ್ರಮಾಣವನ್ನು ರಕ್ತದಲ್ಲಿ ತಗ್ಗಿಸುವುದರಿಂದ, 50 ಮಿ.ಗ್ರಾಂನ ಇನ್ನೊಂದು ಮಾತ್ರೆಯನ್ನು ಹನ್ನೆರಡು ಗಂಟೆಗಳ ಅಂತರದಲ್ಲಿ ಸೇರಿಸುತ್ತೇವೆ. ಕಫದ ವರದಿಯಲ್ಲಿ ರಿಫಾಂಪಿಸಿನ್ ನಿರೋಧಕತೆ ಕಂಡರೆ ಟಿಬಿ ವಿಭಾಗದವರು ಆ ಔಷಧಿಯನ್ನು ನಿಲ್ಲಿಸುತ್ತಾರೆ. ಅದಾದ ಎರಡು ವಾರಗಳ ನಂತರ ಈ ಹೆಚ್ಚುವರಿ ಮಾತ್ರೆಯ ಅಗತ್ಯವೂ ಇರುವುದಿಲ್ಲ. ಆದರೆ ಚಿಕಿತ್ಸೆ ಬದಲಾದ ಸುದ್ದಿ ನಮ್ಮ ಕಿಟಕಿಯವರೆಗೆ ತಾನಾಗಿ ಬರುವುದು ಅಪರೂಪ, ಕೇಳಿ ತಿಳಿಯಬೇಕು.

ಹೊಸ ಔಷಧಿಗಳ ತಕರಾರು ಬೇರೆ ತೆರನಾದದ್ದು. ಎಚ್‌ಐವಿಯ ಎಫಾವಿರೆಂಜ್, ಟಿಬಿಯ ಬೆಡಾಕ್ವಿಲಿನ್ ಅನ್ನು ಯಕೃತ್ತಿನಲ್ಲಿ ಬೇಗ ಕರಗಿಸಿಬಿಡುತ್ತದೆ, ಆದ್ದರಿಂದ ಇವೆರಡನ್ನೂ ಒಟ್ಟಿಗೆ ಕೊಡುವಂತಿಲ್ಲ. ಎಚ್‌ಐವಿಯ ಜಿಡೋವುಡಿನ್ ಮತ್ತು ಟಿಬಿಯ ಲೈನೆಜೋಲಿಡ್ ಎರಡೂ ರಕ್ತ ಉತ್ಪತ್ತಿಯನ್ನು ಕುಗ್ಗಿಸುತ್ತವೆ. ಹಳೆಯ ರೋಗಿಯ ಪುಸ್ತಕದಲ್ಲಿ ಜಿಡೋವುಡಿನ್ ಕಂಡರೆ ಕೂಡಲೇ ವೈದ್ಯರ ಗಮನಕ್ಕೆ ತರುತ್ತೇನೆ. ಇಷ್ಟರ ಮೇಲೆ, ಹಿಮೋಗ್ಲೋಬಿನ್ ಇಳಿದಿದೆಯೆಂದು ಊರಿನ ಆಸ್ಪತ್ರೆಯಲ್ಲಿ ಯಾರೋ ಕಬ್ಬಿಣದ ಮಾತ್ರೆ ಕೊಟ್ಟಿರುತ್ತಾರೆ. ಅದನ್ನು ಖಾಲಿ ಹೊಟ್ಟೆಯಲ್ಲಿ ಜೊತೆಗೇ ನುಂಗಿದರೆ ಡೋಲುಟೆಗ್ರಾವಿರ್ ಸರಿಯಾಗಿ ಮೈಗೆ ಹತ್ತುವುದಿಲ್ಲ, ಟಿಬಿಯ ಮಾಕ್ಸಿಫ್ಲಾಕ್ಸಾಸಿನ್‌ನ ಪಾಡೂ ಅದೇ. ಕಾರ್ಡಿನಲ್ಲಿಯೂ ಪುಸ್ತಕದಲ್ಲಿಯೂ ಇಲ್ಲದ ಈ ಮಾತ್ರೆ ಸಿಗುವುದು ರೋಗಿಯ ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಸುರಿಸಿದಾಗ ಮಾತ್ರ.

ಇಷ್ಟೊಂದು ಎಚ್ಚರ ಏಕೆಂಬುದಕ್ಕೆ ದಕ್ಷಿಣ ಆಫ್ರಿಕಾದ ಟುಗೆಲಾ ಫೆರ್ರಿಯ ದಾಖಲೆ ಸಾಕು. 2006ರಲ್ಲಿ ಪ್ರಕಟವಾದ ಆ ವರದಿಯಂತೆ, ತೀವ್ರ ಔಷಧ ನಿರೋಧಕ ಕ್ಷಯವಿದ್ದ 53 ಮಂದಿಯಲ್ಲಿ 52 ಮಂದಿ ತೀರಿಕೊಂಡರು. ಎಚ್‌ಐವಿ ಪರೀಕ್ಷೆಗೆ ಒಳಗಾದವರೆಲ್ಲರಲ್ಲೂ ಸೋಂಕು ಇತ್ತು. ಸಿಡಿ4 (ರೋಗನಿರೋಧಕ ರಕ್ತಕಣಗಳ ಎಣಿಕೆ) ತೀರಾ ಕುಸಿದವರಲ್ಲಿ ಕಫದ ಸ್ಲೈಡಿನಲ್ಲಿ ರೋಗಾಣು ಕಾಣದೆಯೂ ಇರಬಹುದು, ಎಕ್ಸ್‌ರೇ ಸಹಜವಾಗಿಯೂ ಇರಬಹುದು. ಹಾಗಾಗಿ ಸ್ಲೈಡ್ ನೆಗೆಟಿವ್ ಎಂದ ಮಾತ್ರಕ್ಕೆ ನಿಶ್ಚಿಂತರಾಗದೆ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನಾಟ್ ಅಥವಾ ಟ್ರೂನಾಟ್ ಪರೀಕ್ಷೆಯ ಫಲಿತಾಂಶ ನೋಡಲೇಬೇಕು.

ಭಾರತದಲ್ಲಿ 2024ರಲ್ಲಿ ಔಷಧ ನಿರೋಧಕ ಕ್ಷಯಕ್ಕೆ ಒಪ್ಪಿಗೆ ಪಡೆದ ನಾಲ್ಕು ಔಷಧಿಗಳ ಹೊಸ ಚಿಕಿತ್ಸೆ ಸುಮಾರು ಆರು ತಿಂಗಳಿಗೆ ಮುಗಿಯುತ್ತದೆ. ಹಳೆಯ ಇಂಜೆಕ್ಷನ್‌ಗಳ ಕಾಟ ಕಂಡವರಿಗೆ ಇದು ದೊಡ್ಡ ನೆಮ್ಮದಿ. ಅದರಲ್ಲಿ ಗೊಂದಲ ಹುಟ್ಟಿಸುವುದು ಬೆಡಾಕ್ವಿಲಿನ್: ಮೊದಲ ಎರಡು ವಾರ ದಿನವೂ 400 ಮಿ.ಗ್ರಾಂ, ಆಮೇಲೆ ವಾರಕ್ಕೆ ಮೂರೇ ದಿನ 200 ಮಿ.ಗ್ರಾಂ. “ದಿನಾ ತಗೊಂಡ್ರೆ ಬೇಗ ವಾಸಿ ಆಗಲ್ವಾ ಸರ್?” ಎಂದು ಕೇಳುವವರಿಗೆ, ಔಷಧಿ ಮೈಯಲ್ಲಿ ಬಹುಕಾಲ ಉಳಿಯುವುದನ್ನೂ, ಹೆಚ್ಚಾದರೆ ಹೃದಯದ ಬಡಿತ ಏರುಪೇರಾಗಬಹುದಾದ್ದರಿಂದಲೇ ಆಗಾಗ ಇಸಿಜಿ ಮಾಡಿಸುವುದನ್ನೂ ವಿವರಿಸಿ, ಅವರ ಕ್ಯಾಲೆಂಡರಿನಲ್ಲಿ ಸೋಮವಾರ, ಬುಧವಾರ, ಶುಕ್ರವಾರಗಳಿಗೆ ಕೆಂಪು ಗುರುತು ಹಾಕಿಕೊಡುತ್ತೇನೆ.