ಕಾಫಿ ತೋಟದ ಕೆರೆಯಲ್ಲೊಂದು ಟ್ರಯಥ್ಲಾನ್ ತಾಲೀಮು

ಮೊದಲ ಟ್ರಯಥ್ಲಾನ್‌ಗೆ ಹೆಸರು ಕೊಟ್ಟವರಿಗೆ ಈಜು ಬರುತ್ತದೆ, ಸೈಕಲ್ ತುಳಿದು ಗೊತ್ತಿರುತ್ತದೆ, ಓಟವೂ ಹೊಸದಲ್ಲ. ಹಾಕಿ ಆಡಿ ಬೆಳೆದ ಕೊಡಗಿನ ಕಾಲುಗಳಿಗಂತೂ ಐದು ಕಿಲೋಮೀಟರ್ ದೊಡ್ಡ ಮಾತಲ್ಲ. ಆದರೆ ನೀರಿನಿಂದ ಎದ್ದು ಒದ್ದೆ ಮೈಯಲ್ಲೇ ಸೈಕಲ್ ಹತ್ತುವುದನ್ನು, ಸೈಕಲ್ ಇಳಿದ ಕಾಲಲ್ಲೇ ಓಡುವುದನ್ನು ಹೆಚ್ಚಿನವರು ಸ್ಪರ್ಧೆಯ ದಿನವೇ ಮೊದಲ ಸಲ ಮಾಡುತ್ತಾರೆ. ಕೆಡುವುದು ಅಲ್ಲೇ. ಅದಕ್ಕೇ ಸ್ಪರ್ಧೆಗೆ ಮೂರು ವಾರ ಇರುವಾಗ ಒಂದು ಭಾನುವಾರ ಮೂರನ್ನೂ ಅದೇ ಕ್ರಮದಲ್ಲಿ, ಅದೇ ಬಟ್ಟೆಯಲ್ಲಿ, ಅದೇ ತಿಂಡಿ ತಿಂದು ಮಾಡಿ ನೋಡಬೇಕು. ಹನ್ನೆರಡು ವಾರದ ತಯಾರಿಯಲ್ಲಿ ಬೇರೆ ಯಾವ ದಿನ ತಪ್ಪಿದರೂ ಪರವಾಗಿಲ್ಲ, ಈ ದಿನ ತಪ್ಪಬಾರದು.

ಇಲ್ಲಿ ಹೇಳುವುದೆಲ್ಲ ಸ್ಪ್ರಿಂಟ್ ದೂರದ ಲೆಕ್ಕ: 750 ಮೀಟರ್ ಈಜು, 20 ಕಿ.ಮೀ. ಸೈಕಲ್, 5 ಕಿ.ಮೀ. ಓಟ. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಟ್ರಯಥ್ಲಾನ್ ಮೊದಲ ಬಾರಿ ಸೇರಿದಾಗ ನಡೆದದ್ದು ಸರಿಯಾಗಿ ಇದರ ಎರಡರಷ್ಟು ದೂರ. ಮೊದಲ ಸಲಕ್ಕೆ ಆ ಆಸೆ ಬೇಡ. ಸ್ಪ್ರಿಂಟ್ ಮುಗಿಸಿ ನೋಡಿ, ಆಮೇಲೆ ಯೋಚಿಸೋಣ.

ಫೆಬ್ರವರಿಯ ಸ್ಪರ್ಧೆಗಾದರೆ ಕೊಡಗಿನಲ್ಲಿ ಜನವರಿ ಸರಿಯಾದ ಸಮಯ. ಮಳೆಗಾಲದಲ್ಲಿ ತುಂಬಿದ ತೋಟದ ಕೆರೆಯಲ್ಲಿ ಇನ್ನೂ ನೀರಿರುತ್ತದೆ. ಫೆಬ್ರವರಿ ಕಳೆಯುತ್ತ ಬಂದಂತೆ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕಲು ಶುರು ಮಾಡುತ್ತಾರೆ, ಕೆಲವೇ ದಿನಗಳಲ್ಲಿ ನೀರು ಇಳಿದು ಕೆಸರಿನ ಅಂಚು ಕಾಣುತ್ತದೆ. ಕಾವೇರಿಯಲ್ಲಾಗಲಿ ಹಾರಂಗಿಯಲ್ಲಾಗಲಿ ತಾಲೀಮು ಮಾಡುವುದು ಬೇಡವೇ ಬೇಡ. ಮೇಲೆ ಶಾಂತವಾಗಿ ಕಾಣುವ ಹೊಳೆಯ ಅಡಿಯಲ್ಲಿ ಬಂಡೆಯ ಸಂದು, ಸುಳಿ, ಸೆಳೆತ ಏನಿದೆಯೋ ದಡದಲ್ಲಿ ನಿಂತವರಿಗೆ ತಿಳಿಯುವುದಿಲ್ಲ. ಪರಿಚಯದ ತೋಟದವರ ಒಪ್ಪಿಗೆ ಪಡೆದು ಅವರ ಕೆರೆಯಲ್ಲೇ ಈಜಿ.

ಹಿಂದಿನ ಸಂಜೆಯ ಮೊದಲ ಕೆಲಸ ತೋಟದ ಕೆಲಸಗಳ ಉಸ್ತುವಾರಿ ನೋಡುವ ರೈಟರಿಗೆ ಫೋನು. ಸುಂಟಿಕೊಪ್ಪದ ಸುತ್ತಮುತ್ತ ಆನೆಗಳು ರಾತ್ರಿ ನೀರಿಗೆ ಕೆರೆಗೇ ಬರುತ್ತವೆ, ಕೆಲವೊಮ್ಮೆ ಬೆಳಗಾದರೂ ತೋಟದೊಳಗೇ ಉಳಿದಿರುತ್ತವೆ. ಬೆಳಿಗ್ಗೆ ಹೊರಡುವ ಮುಂಚೆ ಮತ್ತೊಮ್ಮೆ ಕೇಳಬೇಕು. “ರೈಟರೇ, ರಾತ್ರಿ ಕೆರೆ ಕಡೆ ಏನಾದ್ರೂ ಬಂದಿತ್ತಾ?” ಎಂದರೆ “ಇಲ್ಲ ಸಾರ್, ಹೆಜ್ಜೆ ಹೊಸದಿಲ್ಲ, ಬನ್ನಿ” ಎಂಬ ಉತ್ತರ ಬಂದರೆ ಮಾತ್ರ ಮುಂದಿನ ಮಾತು. ಅನುಮಾನ ಬಂದರೆ ಆ ಭಾನುವಾರ ಬಿಟ್ಟುಬಿಡಿ. ಕತ್ತಲಲ್ಲಿ, ಮಂಜಿನಲ್ಲಿ ಶುರು ಮಾಡುವುದೂ ಬೇಡ. ಏಳೂವರೆಗೆ ನೀರಿಗೆ ಇಳಿದರೆ ಸಾಕು.

ರಾತ್ರಿ ಊಟಕ್ಕೆ ಪಂದಿಕರಿ, ಅಂದರೆ ಹಂದಿಮಾಂಸದ ಸಾರು, ಬೇಡ. ಕೊಬ್ಬು ಜೀರ್ಣವಾಗಲು ಹೊತ್ತು ಹಿಡಿಯುತ್ತದೆ, ಬೆಳಿಗ್ಗೆ ಹೊಟ್ಟೆ ಭಾರವಾಗಿ ಓಟದಲ್ಲಿ ತೊಂದರೆ ಕೊಡುತ್ತದೆ. ಅನ್ನ, ಸಾರು, ಬೇಕಾದರೆ ಒಂದು ಮೊಟ್ಟೆ. ಬೆಳಿಗ್ಗೆ ಐದೂವರೆಗೆ ಎರಡು ನೂಪುಟ್ಟು (ಅಕ್ಕಿ ಶಾವಿಗೆ), ಸ್ವಲ್ಪ ಬೆಲ್ಲ, ಒಂದು ಬಾಳೆಹಣ್ಣು, ಅಭ್ಯಾಸವಿದ್ದರೆ ಒಂದು ಲೋಟ ಬೆಲ್ಲದ ಕಾಫಿ. ನೀರಿಗಿಳಿಯಲು ಇನ್ನೂ ಎರಡು ಗಂಟೆ ಇರುವುದರಿಂದ ಇಷ್ಟು ಅರಗುತ್ತದೆ.

ಕೆರೆಯ ಹತ್ತಿರ ಬಂದ ಮೇಲೆ ಈಜುವವರಿಗಿಂತ ಮೊದಲು ಪಂಪ್‌ಹೌಸ್ ನೋಡಿಕೊಳ್ಳಬೇಕು. ತೋಟದ ಮೋಟರುಗಳಿಗೆ ಆಟೋ ಸ್ಟಾರ್ಟರ್ ಇರುವುದೇ ಹೆಚ್ಚು. ಕರೆಂಟು ಬಂದ ಕ್ಷಣ ತಾನೇ ಓಡಲು ಶುರುವಾಗುತ್ತದೆ. ಸ್ವಿಚ್ ಆಫ್ ಮಾಡಿದರೆ ಸಾಲದು, ರೈಟರ ಕೈಯಿಂದಲೇ ಫ್ಯೂಸ್ ತೆಗೆಸಿ, ಅದು ಅವರ ಜೇಬಿನಲ್ಲೇ ಇರಲಿ. ಮೋಟರು ನೀರೆಳೆಯುವ ಪೈಪಿನ ಬಾಯಿ, ಅಂದರೆ ಫುಟ್‌ವಾಲ್ವ್, ಇರುವ ಮೂಲೆಯ ಕಡೆಗೆ ಯಾರೂ ಈಜಬಾರದು. ದಡದಲ್ಲಿ ಈಜು ಬಲ್ಲ ಒಬ್ಬರು, ಗಾಳಿ ತುಂಬಿದ ಲಾರಿ ಟ್ಯೂಬಿಗೆ ಹಗ್ಗ ಕಟ್ಟಿ ಕೈಯಲ್ಲಿ ಹಿಡಿದು ನಿಂತಿರಬೇಕು. ಅವರಿಗೆ ಅಂದು ಬೇರೆ ಕೆಲಸವಿಲ್ಲ, ಫೋಟೋ ತೆಗೆಯುವುದೂ ಇಲ್ಲ.

ದೂರ ಅಳೆಯಲು 50 ಮೀಟರ್ ಹಗ್ಗ ಸಾಕು. ಅದರ ಎರಡು ತುದಿಗೂ ಮುಚ್ಚಳ ಬಿಗಿದ ಖಾಲಿ ಕ್ಯಾನು ಕಟ್ಟಿ, ಕಲ್ಲು ತುಂಬಿದ ಚೀಲದಿಂದ ತಳಕ್ಕೆ ನಿಲ್ಲಿಸಿ. ಅಳತೆ ಆದ ಮೇಲೆ ನಡುವಿನ ಹಗ್ಗ ತೆಗೆದುಬಿಡಿ, ಕಾಲಿಗೆ ಸುತ್ತಿಕೊಳ್ಳಬಾರದು. 750 ಮೀಟರಿಗೆ ಹದಿನೈದು ಸಲ ದಾಟಬೇಕು. ಹದಿನೈದು ಬೆಸ ಸಂಖ್ಯೆ. ಹೊರಟ ಕಡೆ ಮುಗಿಯುವುದಿಲ್ಲ, ಎದುರು ದಡದಲ್ಲಿ ಮುಗಿಯುತ್ತದೆ. ಹಾಗಾಗಿ ಸೈಕಲ್ ಇಟ್ಟ ದಡದ ಎದುರಿನಿಂದಲೇ ಹೊರಡಬೇಕು. ಹತ್ತುವ ಇಳಿಯುವ ಜಾಗಕ್ಕೆ ಗೋಣಿಚೀಲ ಹಾಸಿ. ಕೆರೆಯಂಚಿನ ಜೇಡಿಮಣ್ಣು ಸೋಪಿನ ಹಾಗೆ ಜಾರುತ್ತದೆ.

ಜನವರಿಯ ಬೆಳಿಗ್ಗೆ ಗಾಳಿಗಿಂತ ನೀರೇ ಬೆಚ್ಚಗಿರುತ್ತದೆ, ಕೆರೆಯ ಮೇಲೆ ಹಬೆ ಆಡುತ್ತಿರುತ್ತದೆ. ಆದರೂ ಮುಖಕ್ಕೆ ನೀರು ತಾಗಿದ ತಕ್ಷಣ ಉಸಿರು ಹಿಡಿದ ಹಾಗಾಗುತ್ತದೆ. ಹೊಸಬರು ಗಾಬರಿಯಾಗುವುದು ಮೊದಲ ನೂರು ಮೀಟರಿನಲ್ಲಿ: ಜೋರಾಗಿ ಹೊರಡುತ್ತಾರೆ, ಉಸಿರನ್ನು ನೀರೊಳಗೆ ಪೂರ್ತಿ ಬಿಡದೆ ತಲೆ ಹೊರಳಿಸಿದಾಗ ಬಿಡುವುದು ಎಳೆಯುವುದು ಎರಡನ್ನೂ ಒಟ್ಟಿಗೆ ಮಾಡಲು ಹೋಗುತ್ತಾರೆ. ಎದೆಯಲ್ಲಿ ಹಳೆಯ ಗಾಳಿ ಉಳಿದಿರುವಾಗ ಹೊಸದಕ್ಕೆ ಜಾಗವೆಲ್ಲಿ? ಐದು ನಿಮಿಷ ಮುಂಚೆಯೇ ಇಳಿದು, ಮುಖ ಮುಳುಗಿಸಿ, ಮೂಗಿನಿಂದ ಗುಳ್ಳೆ ಬಿಡುತ್ತಾ ಇಪ್ಪತ್ತು ಸಲ ಉಸಿರಾಡಿ. ಆಮೇಲೂ ಏದುಸಿರು ಬಂದರೆ ಮಗುಚಿ ಅಂಗಾತ ತೇಲಿ, ಹತ್ತು ಉಸಿರು ಎಣಿಸಿ, ಮತ್ತೆ ಶುರು ಮಾಡಿ. ಅಂಗಾತ ತೇಲುವುದಕ್ಕೂ ಕಪ್ಪೆ ಈಜಿಗೂ ಸ್ಪರ್ಧೆಯಲ್ಲಿ ಅಡ್ಡಿಯಿಲ್ಲ.

ಈಜುಕೊಳದಲ್ಲಿ ತಳದ ಗೆರೆ ದಾರಿ ತೋರಿಸುತ್ತದೆ. ಕೆರೆಯಲ್ಲಿ ಕಣ್ಣಿಗೆ ಬೀಳುವುದು ಕಂದು ಬಣ್ಣ ಮಾತ್ರ. ಎಂಟು ಕೈ ಹಾಕಿದ ಮೇಲೆ ಒಮ್ಮೆ ಮುಂದೆ ನೋಡಬೇಕು, ಮೊಸಳೆಯ ಹಾಗೆ ಕಣ್ಣಷ್ಟೇ ನೀರಿನ ಮೇಲೆ. ತಲೆ ಪೂರ್ತಿ ಎತ್ತಿದರೆ ಸೊಂಟ ಮತ್ತು ಕಾಲು ಮುಳುಗಿ ಬ್ರೇಕ್ ಹಾಕಿದಂತಾಗುತ್ತದೆ. ಪೂರ್ವಕ್ಕೆ ಹೋಗುವಾಗ ಬಿಸಿಲಿಗೆ ಕ್ಯಾನು ಕಾಣುವುದಿಲ್ಲ. ಅದರ ಹಿಂದಿನ ಎತ್ತರದ ಸಿಲ್ವರ್ ಓಕ್ ಮರವನ್ನು ಗುರುತು ಮಾಡಿಕೊಳ್ಳಿ. ಕೊನೆಯ ಐವತ್ತು ಮೀಟರಿನಲ್ಲಿ ಕಾಲು ಸ್ವಲ್ಪ ಹೆಚ್ಚು ಬಡಿಯಿರಿ. ಅಷ್ಟು ಹೊತ್ತು ಮಲಗಿದ್ದ ಮೈ ತಟ್ಟನೆ ನಿಂತಾಗ ತಲೆ ಸುತ್ತುತ್ತದೆ, ಕಾಲಿಗೆ ರಕ್ತ ಹರಿದಿದ್ದರೆ ಅದು ಕಡಿಮೆ. ಕೈ ನೆಲಕ್ಕೆ ತಾಗುವವರೆಗೂ ಈಜಿ, ಆಮೇಲೆ ನಿಲ್ಲಿ. ಮೊದಲೇ ನಿಂತರೆ ಕೆಸರಿನಲ್ಲಿ ಮೊಣಕಾಲಿನವರೆಗೆ ಹೂತುಹೋಗುತ್ತದೆ. ಮೊದಲ ಸ್ಪರ್ಧೆಗೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷದ ಈಜು ಒಳ್ಳೆಯ ಈಜೇ.

ನಿಜವಾದ ಚಳಿ ಶುರುವಾಗುವುದು ಹೊರಗೆ ಬಂದ ಮೇಲೆ. ಬೆರಳು ಮರಗಟ್ಟಿ ಹೆಲ್ಮೆಟ್ಟಿನ ಕೊಂಡಿಯೇ ಕೂರುವುದಿಲ್ಲ. ಮನೆಯಲ್ಲಿ ಒಣ ಕೈಯಲ್ಲಿ ಐದು ಸೆಕೆಂಡಿನ ಆ ಕೆಲಸ ಇಲ್ಲಿ ಅರ್ಧ ನಿಮಿಷ ತಿನ್ನುತ್ತದೆ. ಜನವರಿಯಲ್ಲಿ ಕಣದ ತುಂಬ ಕಾಫಿ ಒಣಗುತ್ತಿರುತ್ತದೆ, ಅದರ ಮೇಲೆ ಒದ್ದೆ ಕಾಲು ಇಡಬಾರದು; ಕಣದ ಅಂಚಿನಲ್ಲಿ ಸೈಕಲ್ ನಿಲ್ಲಿಸಿ, ಪಕ್ಕದಲ್ಲಿ ಒಂದು ಟವೆಲ್ ಹಾಸಿ. ಹ್ಯಾಂಡಲ್ ಮೇಲೆ ಹೆಲ್ಮೆಟ್ ಮಗುಚಿ ಇಡಿ, ಪಟ್ಟಿಗಳು ಎರಡೂ ಕಡೆ ಹೊರಗೆ ಜೋತಿರಲಿ, ಒಳಗೆ ಕನ್ನಡಕ. ಕಾಲುಚೀಲವನ್ನು ಬೆರಳಿನವರೆಗೆ ಸುರುಳಿ ಸುತ್ತಿ, ಒಳಗೆ ಚಿಟಿಕೆ ಪೌಡರ್ ಹಾಕಿ ಶೂ ಮೇಲಿಡಿ. ಶೂಗೆ ದಾರದ ಬದಲು ಎಲಾಸ್ಟಿಕ್ ಹಾಕಿಸಿದರೆ ಗಂಟು ಕಟ್ಟುವ ಕೆಲಸವೇ ಇಲ್ಲ.

ಓಡುತ್ತಲೇ ಗಾಗಲ್ಸ್, ಟೋಪಿ ತೆಗೆಯಿರಿ. ಎದೆ, ತೋಳು ಒರೆಸಿಕೊಂಡು ತೆಳು ವಿಂಡ್‌ಚೀಟರ್ ಹಾಕಿ. ಒರೆಸದೆ ಹಾಕಿದರೆ ತೋಳು ಅರ್ಧಕ್ಕೇ ಅಂಟಿಕೊಳ್ಳುತ್ತದೆ. ಆಮೇಲೆ ಹೆಲ್ಮೆಟ್, ಕೊಂಡಿ ಟಕ್ ಎನ್ನುವವರೆಗೆ. ಇದು ನಿಯಮ: ಕೊಂಡಿ ಹಾಕದೆ ಸೈಕಲ್ ಮುಟ್ಟುವಂತಿಲ್ಲ, ಸೈಕಲ್ ಮತ್ತೆ ನಿಲ್ಲಿಸುವವರೆಗೆ ಕೊಂಡಿ ತೆಗೆಯುವಂತಿಲ್ಲ. ಹತ್ತುವ ಗೆರೆ ದಾಟಿದ ಮೇಲೆಯೇ ಹತ್ತಬೇಕು, ಇಳಿಯುವ ಗೆರೆಗೆ ಮುಂಚೆಯೇ ಇಳಿಯಬೇಕು. ನೆಲದಲ್ಲಿ ಸುಣ್ಣದಿಂದ ಆ ಗೆರೆ ಎಳೆದು ಅಭ್ಯಾಸ ಮಾಡಿ. ತೋಟದ ಮನೆಯಿಂದ ರಸ್ತೆಗೆ ಹೋಗುವ ದಾರಿ ಸಾಮಾನ್ಯವಾಗಿ ಏರು. ಸೈಕಲನ್ನು ಹಗುರ ಗೇರಿನಲ್ಲೇ ನಿಲ್ಲಿಸಿರದಿದ್ದರೆ ಮೊದಲ ತುಳಿತದಲ್ಲೇ ಚೈನು ಕಿರುಚುತ್ತದೆ. ಇಷ್ಟಕ್ಕೆಲ್ಲ ಮೂರು ನಿಮಿಷ ಸಾಕು.

ಸೈಕಲ್ಲಿಗೆ ಹೆದ್ದಾರಿ ಬೇಡ. ಸುಂಟಿಕೊಪ್ಪದಿಂದ ಮಾದಾಪುರದ ಕಡೆಗೆ ಹತ್ತು ಕಿಲೋಮೀಟರ್ ಹೋಗಿ ತಿರುಗಿದರೆ ಇಪ್ಪತ್ತಾಯಿತು. 70 ಕೆ.ಜಿ. ತೂಕದವರಿಗೆ 28 ಮಿ.ಮೀ. ಟೈರಿನಲ್ಲಿ ಹಿಂದೆ 75, ಮುಂದೆ 70 ಪಿಎಸ್‌ಐ ಗಾಳಿ ಸರಿ. ರಸ್ತೆ ಇಬ್ಬನಿಯಿಂದ ಒದ್ದೆಯಾಗಿದ್ದರೆ ಐದು ಕಡಿಮೆ ಮಾಡಿ. ರೋಬಸ್ಟಾ ಕೊಯ್ಲಿನ ಕಾಲ, ಕೆಲಸದವರನ್ನು ತುಂಬಿಕೊಂಡ ಜೀಪುಗಳು ತಿರುವಿನಲ್ಲೇ ಎದುರಾಗುತ್ತವೆ. ಮುಂದೆ ಬಿಳಿ, ಹಿಂದೆ ಕೆಂಪು ಲೈಟು ಹಗಲಿನಲ್ಲೂ ಉರಿಯಲಿ. ತೋಟದ ಗೇಟುಗಳ ಎದುರು ಚಕ್ರಗಳು ಎಳೆತಂದ ಕೆಂಪುಮಣ್ಣು, ಜಲ್ಲಿ ಇರುತ್ತದೆ, ಮರದ ನೆರಳಿನಲ್ಲಿ ಒದ್ದೆ ಎಲೆ. ಬ್ರೇಕ್ ಹಿಡಿಯುವುದು ತಿರುವಿಗೆ ಮುಂಚೆ, ತಿರುವಿನೊಳಗೆ ಅಲ್ಲ. ರಿಮ್ ಬ್ರೇಕ್ ಇದ್ದರೆ ಮೊದಲ ಹಿಡಿತ ರಿಮ್ಮಿನ ನೀರು ಒರೆಸಲು ಹೋಗುತ್ತದೆ, ಎರಡನೆಯದು ನಿಲ್ಲಿಸುತ್ತದೆ. ಆ ಅಂತರ ಲೆಕ್ಕದಲ್ಲಿಡಿ.

ಪಂಕ್ಚರ್ ಆದರೆ ಅದೂ ತಾಲೀಮಿನ ಭಾಗವೇ. ಹಿಂದಿನ ಚಕ್ರವಾದರೆ ಮೊದಲು ಚೈನನ್ನು ಅತಿ ಸಣ್ಣ ಗೇರಿಗೆ ಇಳಿಸಿ, ಆಮೇಲೆ ಚಕ್ರ ಬಿಚ್ಚಿ. ಟ್ಯೂಬ್ ತೆಗೆದ ಮೇಲೆ ಟೈರಿನ ಒಳಗೆ ಸುತ್ತಲೂ ಬಟ್ಟೆ ಸುತ್ತಿದ ಬೆರಳು ಆಡಿಸಿ. ಲಾರಿ ಟೈರಿನಿಂದ ಉದುರಿದ ಕೂದಲೆಳೆಯಂಥ ಉಕ್ಕಿನ ತಂತಿ ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಗೆ ಸಿಕ್ಕಿ ಗೊತ್ತಾಗುತ್ತದೆ. ಅದನ್ನು ಬಿಟ್ಟು ಹೊಸ ಟ್ಯೂಬ್ ಹಾಕಿದವರಿಗೆ ಎರಡು ಕಿಲೋಮೀಟರಿನಲ್ಲಿ ಮತ್ತೆ ಪಂಕ್ಚರ್. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ಹಾಕಿ ಕೂರಿಸಿ, ಟೈರನ್ನು ವಾಲ್ವಿನ ಎದುರು ಬದಿಯಿಂದ ಶುರು ಮಾಡಿ ವಾಲ್ವಿನ ಹತ್ತಿರ ಮುಗಿಸಿ, ವಾಲ್ವನ್ನು ಒಮ್ಮೆ ಒಳಕ್ಕೆ ಒತ್ತಿ ನೋಡಿ. ಟ್ಯೂಬ್ ಎಲ್ಲೂ ಟೈರಿನಡಿ ಸಿಕ್ಕಿಕೊಂಡಿಲ್ಲ ಎಂದಾದ ಮೇಲೆ ಪೂರ್ತಿ ಗಾಳಿ. ಕೈಪಂಪಿನಲ್ಲಿ 60 ಬಂದರೆ ಮನೆ ಸೇರಲು ಸಾಕು.

ಮೊದಲ ಹತ್ತು ನಿಮಿಷ ಏನೂ ತಿನ್ನಬೇಡಿ, ಹೊಟ್ಟೆಯಲ್ಲಿ ಕೆರೆಯ ನೀರು ಸ್ವಲ್ಪವಾದರೂ ಇರುತ್ತದೆ. ಆಮೇಲೆ ಹತ್ತು ನಿಮಿಷಕ್ಕೊಮ್ಮೆ ಎರಡು ಗುಟುಕು. ಓಆರ್‌ಎಸ್ ಬೆರೆಸಿದ್ದರೆ ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರ್ ನೀರಿಗೆ, ಅರ್ಧ ಲೀಟರಿಗೆ ಅಲ್ಲ. ಗಟ್ಟಿಯಾದರೆ ಹೊಟ್ಟೆ ತೊಳೆಸುತ್ತದೆ. ಕೊನೆಯ ಕಿಲೋಮೀಟರಿನಲ್ಲಿ ಗೇರು ಹಗುರ ಮಾಡಿ, ನಿಮಿಷಕ್ಕೆ ತೊಂಬತ್ತು ಸುತ್ತಿನಂತೆ ಬೇಗ ಬೇಗ ತುಳಿಯಿರಿ. ಮುಂದಿನ ಓಟಕ್ಕೆ ಕಾಲು ಅಣಿಯಾಗುವುದು ಇಲ್ಲೇ.

ಸೈಕಲ್ ಇಳಿದು ಓಡಲು ಹೊರಟಾಗ ಕಾಲು ಮರದ ಕೊರಡು. ಸುಮಾರು ಒಂದು ಗಂಟೆ ಸೊಂಟ ಬಾಗಿಸಿ ಕೂತು ಒಂದೇ ತರಹ ಸುತ್ತಿದ ಸ್ನಾಯುಗಳಿಗೆ ನೆಟ್ಟಗೆ ನಿಂತು ಹೆಜ್ಜೆ ಹಾಕುವ ಲಯ ತಕ್ಷಣ ಸಿಗುವುದಿಲ್ಲ. ಅದರ ಜೊತೆಗೆ ಇನ್ನೊಂದು ಮೋಸವಿದೆ: ಗಂಟೆಗೆ ಇಪ್ಪತ್ತು, ಇಪ್ಪತ್ತೈದು ಕಿಲೋಮೀಟರಿನಲ್ಲಿ ಬಂದ ಕಣ್ಣಿಗೆ ಓಟ ತೀರಾ ನಿಧಾನ ಅನ್ನಿಸುತ್ತದೆ, ಗೊತ್ತಿಲ್ಲದೆಯೇ ವೇಗ ಹೆಚ್ಚುತ್ತದೆ. ಹಾಕಿ ಆಡುವವರು ಇದಕ್ಕೆ ಬೇಗ ಬಲಿಯಾಗುತ್ತಾರೆ, ಅವರ ಕಾಲಿಗೆ ಗೊತ್ತಿರುವುದು ಜಿಗಿದು ಓಡುವ ಆಟ. ಮೊದಲ ಕಿಲೋಮೀಟರನ್ನು ನಿಮ್ಮ ಮಾಮೂಲಿ ವೇಗಕ್ಕಿಂತ ಅರ್ಧ ನಿಮಿಷ ನಿಧಾನವಾಗಿ ಓಡಿ, ಹೆಜ್ಜೆ ಚಿಕ್ಕದು, ಚುರುಕು. ಎರಡನೇ ಕಿಲೋಮೀಟರಿಗೆ ಕಾಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಈ ತಾಲೀಮಿಗೆ ಮುಂಚಿನ ವಾರಗಳಲ್ಲಿ ನಲವತ್ತು ನಿಮಿಷ ಸೈಕಲ್ ಆದ ಮೇಲೆ ಹತ್ತು ನಿಮಿಷ ಓಡುವ ಅಭ್ಯಾಸವನ್ನು ನಾಲ್ಕೈದು ಸಲವಾದರೂ ಮಾಡಿರಬೇಕು. ಐದು ಕಿಲೋಮೀಟರನ್ನು ಒಂದೇ ದೊಡ್ಡ ಸುತ್ತಿಗಿಂತ ಮನೆಯ ಹತ್ತಿರದ ದಾರಿಯಲ್ಲೇ ನಾಲ್ಕು ಸಣ್ಣ ಸುತ್ತಾಗಿ ಓಡುವುದು ಒಳ್ಳೆಯದು, ಪ್ರತಿ ಸುತ್ತಿಗೂ ಯಾರಾದರೂ ನಿಮ್ಮನ್ನು ನೋಡುತ್ತಾರೆ, ತೋಟದ ಒಳಭಾಗಕ್ಕೆ ಹೋಗುವ ಪ್ರಮೇಯವೂ ಇರುವುದಿಲ್ಲ.

ಮುಗಿದ ಕೂಡಲೇ ಬರೆದಿಡಬೇಕಾದದ್ದು ಒಟ್ಟು ಸಮಯಕ್ಕಿಂತ ಹೆಚ್ಚಾಗಿ ತೊಡಕುಗಳು: ಗಾಗಲ್ಸ್ ಎಲ್ಲಿ ಮಂಜಾಯಿತು, ಕುತ್ತಿಗೆ ಉಜ್ಜಿತೇ, ಯಾವ ಬೆರಳಿಗೆ ಗುಳ್ಳೆ ಬಂತು, ಸೀಟು ಎಷ್ಟು ಮಿಲಿಮೀಟರ್ ಇಳಿಸಬೇಕು. ಸಂಜೆಗೆ ಇವು ಮರೆತುಹೋಗುತ್ತವೆ. ಸರಿ ಮಾಡಲು ಮೂರು ವಾರವಿದೆ. ಕೊನೆಯ ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಬೇಕು, ಆ ವಾರ ಹೊಸ ಶೂ, ಹೊಸ ಸೀಟು ಯಾವುದೂ ಬೇಡ.

ಬಿಸಿ ಅಕ್ಕಿರೊಟ್ಟಿ ಬರುವಷ್ಟರಲ್ಲಿ ಚೈನಿನ ಕೆಂಪುಮಣ್ಣು ತೊಳೆದು, ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಡಿ. ಕ್ಯಾನು, ಕಲ್ಲಿನ ಚೀಲ ನೀರಿನಿಂದ ಎಳೆದು, ಗೋಣಿಚೀಲಗಳನ್ನು ಹಿಂಡಿ ಬೇಲಿಯ ಮೇಲೆ ಹರಡಿ. ಕೆರೆಯಲ್ಲಿ ಯಾರೂ ಇಲ್ಲವೆಂದು ಎಣಿಸಿ ಹೇಳಿದ ಮೇಲೆಯೇ ರೈಟರು ಫ್ಯೂಸ್ ಹಾಕುತ್ತಾರೆ.