ಕಾಗದಕ್ಕೆ ಹರಿತ, ಟೊಮೆಟೊಗೆ ಮೊಂಡು

ಸಾಣೆ ಹಿಡಿದರೂ ಹರಿತ ನಿಲ್ಲದೆ ಎರಡು ವಾರಗಳಿಂದ ನನ್ನನ್ನು ಸತಾಯಿಸುತ್ತಿದ್ದ 18 ಸೆಂಟಿಮೀಟರಿನ ಅಡುಗೆಮನೆಯ ಚಾಕು ಕಳೆದ ಭಾನುವಾರ ಕೊನೆಗೂ ದಾರಿಗೆ ಬಂದಿತು, ಮತ್ತು ಇದನ್ನು ಬರೆಯುತ್ತಿರುವ ಶುಕ್ರವಾರದ ರಾತ್ರಿಯವರೆಗೂ ದಾರಿಯಲ್ಲೇ ಇದೆ. ಈ ಅವಧಿಯಲ್ಲಿ ನಮ್ಮ ಮನೆಯಲ್ಲಿ ಟೊಮೆಟೊ ಸಾರು, ಟೊಮೆಟೊ ಗೊಜ್ಜು, ಟೊಮೆಟೊ ಬಾತುಗಳ ಹೊರತು ಬೇರೇನೂ ಬೇಯಲಿಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಪರೀಕ್ಷೆಗೆ ಬಲಿಯಾದ ಹಣ್ಣುಗಳನ್ನು ಎಲ್ಲಿಗಾದರೂ ಸೇರಿಸಲೇಬೇಕಿತ್ತು.

ನನ್ನದು ಕೈಯಲ್ಲಿ ಹಿಡಿದು ಬಳಸುವ ಎರಡು ಸೀಳಿನ ಸಾಣೆ, ಅಲಗನ್ನು ಸೀಳಿನಲ್ಲಿಟ್ಟು ಎಳೆದರೆ ಎರಡೂ ಬದಿ ಒಟ್ಟಿಗೆ ಮಸೆಯುವಂಥದ್ದು: ಒಂದು ಸೀಳಿನಲ್ಲಿ ಒರಟಾಗಿ ಕೆರೆಯುವ ಟಂಗ್‌ಸ್ಟನ್ ಕಾರ್ಬೈಡ್ ಎಂಬ ಗಡಸು ವಸ್ತುವಿನ ತುಂಡುಗಳು, ಇನ್ನೊಂದರಲ್ಲಿ ನಯಗೊಳಿಸಲು ಒಂದಕ್ಕೊಂದು ಅಡ್ಡಲಾಗಿ ನಿಂತ ಸೆರಾಮಿಕ್ ಕಡ್ಡಿಗಳು, ಪ್ರತಿ ಬದಿಗೆ ಸುಮಾರು 20 ಡಿಗ್ರಿಯ ಕೋನ. ತೊಂದರೆ ಇದ್ದದ್ದು ಬೇರೆ ಕಡೆ. ಸೆರಾಮಿಕ್ ಸೀಳಿನಿಂದ ಹೊರಬಂದ ಕ್ಷಣದಲ್ಲಿ ಈ ಚಾಕು ದಿನಪತ್ರಿಕೆಯ ಹಾಳೆಯನ್ನು ಸದ್ದಿಲ್ಲದೆ ಸೀಳುತ್ತಿತ್ತು, ಮುಂಗೈ ಕೂದಲನ್ನೂ ಬೋಳಿಸುತ್ತಿತ್ತು. ಮೊದಲ ಟೊಮೆಟೊ ಸಲೀಸಾಗಿ ಹೋಳಾಗುತ್ತಿತ್ತು, ಎರಡನೆಯದು ಸ್ವಲ್ಪ ತಡೆಯುತ್ತಿತ್ತು, ಮೂರನೆಯದರ ಸಿಪ್ಪೆಯ ಮೇಲೆ ಅಲಗು ಜಾರಿ ಹಣ್ಣು ಅಪ್ಪಚ್ಚಿಯಾಗುತ್ತಿತ್ತು. ಹೈಬ್ರಿಡ್ ಟೊಮೆಟೊವಿನ ದಪ್ಪ ಸಿಪ್ಪೆಯೇ ಕಾರಣವಿರಬಹುದೆಂದು ನಾಟಿ ಹಣ್ಣು ತಂದರೆ, ಅದು ಇನ್ನೂ ಬೇಗ ಕುಸಿದು ಮಣೆಯ ತುಂಬ ರಸ ಹರಿಸಿತು. ನಾಲ್ಕನೆಯ ಬಾರಿ ನಾನು ಪತ್ರಿಕೆಯ ಪುರವಣಿಯನ್ನು ಸೀಳಿ ತೋರಿಸಿದಾಗ ಅಮ್ಮ, "ನಿನ್ನ ಚಾಕು ಕಾಗದ ಹೆಚ್ಚುತ್ತದೆ ಅಂತ ನಾನೇನು ಕಾಗದದ ಹುಳಿ ಮಾಡಲೇ?" ಎಂದು ಕೇಳಿದರು. ಉತ್ತರ ನನ್ನಲ್ಲಿರಲಿಲ್ಲ.

ಮೊದಲ ಗುಮಾನಿ ಉಕ್ಕಿನ ಮೇಲೆ ಹೋಯಿತು. ಅಗ್ಗದ ಸ್ಟೇನ್‌ಲೆಸ್ ಚಾಕುಗಳ ಗಡಸುತನ ರಾಕ್‌ವೆಲ್ ಮಾಪಕದಲ್ಲಿ 52ರಿಂದ 56ರ ಆಸುಪಾಸಿನಲ್ಲಿರುತ್ತದೆ. 60 ದಾಟಿದ ಜಪಾನಿ ಚಾಕುಗಳ ಮುಂದೆ ಇವು ಮೆತುವೇ. ಈ ದೂರು ಹೊಸದೂ ಅಲ್ಲ. 1913ರಲ್ಲಿ ಇಂಗ್ಲೆಂಡಿನ ಷೆಫೀಲ್ಡಿನಲ್ಲಿ ಲೋಹತಜ್ಞ ಹ್ಯಾರಿ ಬ್ರಿಯರ್ಲಿ ಸುಮಾರು 13% ಕ್ರೋಮಿಯಂ ಬೆರೆಸಿ ತುಕ್ಕು ಹಿಡಿಯದ ಉಕ್ಕನ್ನು ಎರಕ ಹೊಯ್ದಾಗ, ಕತ್ತರಿಸದ ಚಾಕುವನ್ನು ಕಂಡುಹಿಡಿದವನೆಂದು ಅಲ್ಲಿನ ಚಾಕು ತಯಾರಕರೇ ಅವನನ್ನು ಗೇಲಿ ಮಾಡಿದ್ದರು. ಆದರೆ ಈ ವಾದ ನನ್ನ ಚಾಕುವಿನ ಮಟ್ಟಿಗೆ ನಿಲ್ಲಲಿಲ್ಲ. ಕೆಲವು ವರ್ಷಗಳ ಹಿಂದೆ ಸೈಕಲ್ ನಿಲ್ಲಿಸಿಕೊಂಡು ಪೆಡಲಿನಿಂದಲೇ ಕಲ್ಲು ತಿರುಗಿಸಿ ಸಾಣೆ ಹಿಡಿಯುತ್ತಿದ್ದವರೊಬ್ಬರು ಇದೇ ಚಾಕುವಿಗೆ ಬಾಯಿ ಕೊಟ್ಟು ಹೋದಾಗ ಅದು ಎರಡು ತಿಂಗಳು ತೊಂಡೆಕಾಯಿ, ಹುರುಳಿಕಾಯಿ, ಈರುಳ್ಳಿ ಎನ್ನದೆ ದುಡಿದಿತ್ತು. ಎರಡು ತಿಂಗಳು ಬಾಳಬಲ್ಲ ಉಕ್ಕು ಮೂರು ಟೊಮೆಟೊಗೆ ಸೋಲುತ್ತದೆಯೆಂದರೆ ತಪ್ಪು ಉಕ್ಕಿನದಲ್ಲ.

ಎರಡನೆಯ ಗುಮಾನಿ ಕೋನದ ಮೇಲೆ. ಅಂಚಿನ ಪಕ್ಕದ ಇಳಿಜಾರಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿದು, ಸಾಣೆ ತಾಗಿದ ಕಡೆ ಮಸಿ ಹೋಗುತ್ತದೆಯಾದ್ದರಿಂದ, ಎರಡು ಸಲ ಎಳೆದು ನೋಡಿದೆ. ಬಲಬದಿಯಲ್ಲಿ ಇಡೀ ಇಳಿಜಾರಿನ ಮಸಿ ಹೋಗಿತ್ತು, ಎಡಬದಿಯಲ್ಲಿ ಅಂಚಿನ ಕೂದಲೆಳೆಯಷ್ಟು ಭಾಗ ಮಾತ್ರ ಬೆಳ್ಳಗಾಗಿತ್ತು. ಅಂದರೆ ನನ್ನ ಮಣಿಕಟ್ಟು ಇಷ್ಟು ದಿನವೂ ಒಂದು ಕಡೆಗೆ ವಾಲುತ್ತಿತ್ತು. ಕಪಾಟಿನ ಬಾಗಿಲಿನ ನೇರ ಅಂಚನ್ನು ಕಣ್ಣೆದುರಿಗಿಟ್ಟುಕೊಂಡು, ಅಲಗಿನ ಬೆನ್ನು ಅದಕ್ಕೆ ಸಮನಾಗಿರುವಂತೆ ನೋಡಿಕೊಂಡು ಎಳೆದ ಮೇಲೆ ಮಸಿ ಎರಡೂ ಬದಿಯಲ್ಲಿ ಸರಿಸಮನಾಗಿ ಹೋಯಿತು. ಆದರೂ ಮೂರನೆಯ ಟೊಮೆಟೊ ಅಪ್ಪಚ್ಚಿಯಾಯಿತು.

ಸೆರಾಮಿಕ್ ಕಡ್ಡಿಗಳೇ ಸವೆದಿರಬೇಕೆಂದು ತೀರ್ಮಾನಿಸಿ ಬದಲಿ ಕಡ್ಡಿಗಳನ್ನು ತರಿಸಲು ಹೊರಟದ್ದು ಈ ಯೋಜನೆಯ ಅತ್ಯಂತ ದುಬಾರಿ ಮೂರ್ಖತನ. 6 ಮಿ.ಮೀ. ವ್ಯಾಸದ ಕಡ್ಡಿ ಬೇಕೆಂದು ಸ್ಪಷ್ಟವಾಗಿ ಬರೆದಿದ್ದರೂ ಮಾರಾಟಗಾರ ಮಹಾಶಯರು 5 ಮಿ.ಮೀ.ನದನ್ನು ಕಳುಹಿಸಿದರು. ವಾಪಸು ಮಾಡಿದ ಮೇಲೆ ಬಂದ ಎರಡನೆಯ ಪೊಟ್ಟಣದಲ್ಲಿ ಮದುವೆ ಉಡುಗೊರೆಗೂ ಸುತ್ತದಷ್ಟು ಗುಳ್ಳೆ ಪ್ಲಾಸ್ಟಿಕ್ ಇತ್ತು, ಒಳಗೆ ಸರಿಯಾದ ಅಳತೆಯ ಕಡ್ಡಿಯೂ ಇತ್ತು, ಆದರೆ ಎರಡು ತುಂಡಾಗಿ. ಪೊಟ್ಟಣ ಒಡೆಯುವಾಗಲೇ ವಿಡಿಯೊ ಮಾಡಿಟ್ಟುಕೊಳ್ಳದ ಕಾರಣ ಹಣ ಮರಳಿಸಲಾಗದಂತೆ. ಈ ಪತ್ರವ್ಯವಹಾರದ ನಡುವೆ ಬೇಸರ ಕಳೆಯಲೆಂದು ಹಳೆಯ ಕಡ್ಡಿಗಳನ್ನು ಪಾತ್ರೆ ಉಜ್ಜುವ ಪುಡಿ ಹಾಕಿ ತಿಕ್ಕಿದೆ. ಬೂದುಬಣ್ಣವೆಲ್ಲ ಕರಗಿ ಹಾಲಿನಂತೆ ಬಿಳುಪಾದವು. ಅವು ಸವೆದಿರಲಿಲ್ಲ, ರಂಧ್ರಗಳಲ್ಲಿ ಉಕ್ಕಿನ ಪುಡಿ ತುಂಬಿ ನುಣುಪಾಗಿದ್ದವು, ಅಷ್ಟೆ. ನಿಮ್ಮ ಕಡ್ಡಿಗಳು ಬೂದುಬಣ್ಣಕ್ಕೆ ತಿರುಗಿದ್ದರೆ ದಯವಿಟ್ಟು ಮೊದಲು ತೊಳೆಯಿರಿ.

ಗುಟ್ಟು ಬಯಲಾದದ್ದು ದೇವರ ದೀಪದ ಹತ್ತಿಯಿಂದ. ಅಮ್ಮ ಹೂಬತ್ತಿ ಮಾಡುತ್ತ ಕುಳಿತಿದ್ದಾಗ, ಆಗಷ್ಟೇ ಸಾಣೆ ಹಿಡಿದ ಚಾಕುವಿನ ಲೋಹದ ಪುಡಿಯನ್ನು ಒರೆಸಲು ಒಂದು ಚೂರು ಹತ್ತಿ ತೆಗೆದುಕೊಂಡು ಅಲಗಿನ ಬೆನ್ನಿನಿಂದ ಅಂಚಿನ ಕಡೆಗೆ ಸವರಿದೆ. ಎಡಬದಿಯಲ್ಲಿ ಹತ್ತಿ ಜಾರಿಹೋಯಿತು. ಬಲಬದಿಯಲ್ಲಿ ಅಂಚಿನುದ್ದಕ್ಕೂ ಎಳೆಗಳು ಸಿಕ್ಕಿಕೊಂಡು, ಚಾಕುವಿಗೆ ಮೀಸೆ ಬಂದಂತೆ ನಿಂತವು. ಭೂತಗನ್ನಡಿಯಲ್ಲಿ ನೋಡಿದರೆ ಅಂಚಿನ ತುದಿಯಲ್ಲಿ ಲೋಹದ ತೆಳ್ಳನೆಯ ಎಳೆಯೊಂದು ಬಲಕ್ಕೆ ಬಾಗಿ ಮಲಗಿತ್ತು. ಕಲ್ಲಿನ ಮೇಲೆ ಮಸೆಯುವವರು ಬರ್ ಎಂದು ಕರೆಯುವುದು ಇದನ್ನೇ. ಎಳೆಯಾದರೂ ಅದು ನಿಜಕ್ಕೂ ಹರಿತವಾಗಿಯೇ ಇರುತ್ತದೆ, ಆದ್ದರಿಂದ ಕಾಗದವನ್ನೂ ಕೂದಲನ್ನೂ ಕತ್ತರಿಸುತ್ತದೆ. ಆದರೆ ಬೆನ್ನಿಗೆ ಬಲವಿಲ್ಲದ ಕಾರಣ ಎರಡು ಟೊಮೆಟೊಗಳ ಸಿಪ್ಪೆಗೆ, ಮಣೆಯ ನಾಲ್ಕು ಪೆಟ್ಟಿಗೆ ಮಡಿಚಿಕೊಳ್ಳುತ್ತದೆ. ಅಷ್ಟು ದಿನ ನಾನು ಹೆಮ್ಮೆಯಿಂದ ಪ್ರದರ್ಶಿಸಿದ್ದು ಚಾಕುವಿನ ಹರಿತವನ್ನಲ್ಲ, ಚಾಕುವಿಗೆ ಅಂಟಿಕೊಂಡಿದ್ದ ಕಸದ ಹರಿತವನ್ನು.

ಕಾಯಿಲೆ ತಿಳಿದರೂ ಮದ್ದು ಸುಲಭವಾಗಿರಲಿಲ್ಲ. ಕಲ್ಲಿನ ಮೇಲಾದರೆ ಒಂದು ಬದಿಯನ್ನು ಮಸೆದು ಎಳೆಯನ್ನು ಆಚೆ ತಳ್ಳಬಹುದು, ಆಮೇಲೆ ಆಚೆಯಿಂದ ಹಗುರವಾಗಿ ಮಸೆದು ಅದನ್ನು ಉದುರಿಸಬಹುದು. ಸೀಳಿನ ಸಾಣೆಯಲ್ಲಿ ಎರಡೂ ಬದಿಗಳು ಒಟ್ಟಿಗೆ ಉಜ್ಜಿಕೊಳ್ಳುವುದರಿಂದ ಆ ಎಳೆಗೆ ಉದುರಲು ಜಾಗವಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತ ಉಳಿದುಕೊಳ್ಳುತ್ತದೆ. ಸೆರಾಮಿಕ್ ಸೀಳಿನಲ್ಲಿ ಇಪ್ಪತ್ತು ಸಲ ಎಳೆದೆ, ನಲವತ್ತು ಸಲ ಎಳೆದೆ, ಮೀಸೆ ಬದಿ ಬದಲಾಯಿಸಿತೇ ವಿನಾ ಬೋಳಾಗಲಿಲ್ಲ. ಆಗ ಹೊಳೆದದ್ದು ಅಡುಗೆಮನೆಯ ತಕ್ಕಡಿ. ಸಾಣೆಯನ್ನು ಡಿಜಿಟಲ್ ತಕ್ಕಡಿಯ ಮೇಲಿಟ್ಟು, ಸೊನ್ನೆಗೆ ತಂದು, ಎಂದಿನ ಅಭ್ಯಾಸದಂತೆಯೇ ಚಾಕುವನ್ನು ಎಳೆದು ತೋರುಸಂಖ್ಯೆಯನ್ನು ನೋಡಿದರೆ 3.1 ಕಿಲೊ. ಚಾಕುವಿನ ತೂಕ 140 ಗ್ರಾಂ. ಅಂದರೆ ಒಂದು ಮಧ್ಯಮ ಗಾತ್ರದ ಕುಂಬಳಕಾಯಿಯನ್ನು ಚಾಕುವಿನ ಬೆನ್ನ ಮೇಲೆ ಕೂರಿಸಿಕೊಂಡು ನಾನು ಸಾಣೆ ಹಿಡಿಯುತ್ತಿದ್ದೆ. ಸೀಳಿನಲ್ಲಿ ಅಲಗು ತಾಗುವುದು ಎರಡೇ ಎರಡು ಸಣ್ಣ ಬಿಂದುಗಳಿಗೆ. ಅಲ್ಲಿ ಅಷ್ಟು ಭಾರ ಬಿದ್ದರೆ ಮೆತು ಉಕ್ಕು ಕೆರೆದುಹೋಗುವ ಬದಲು ಹಿಟ್ಟಿನಂತೆ ಅಂಚಿಗೆ ಜರುಗಿ ಹೊಸ ಎಳೆಯಾಗುತ್ತದೆ. ಹರಿತ ಬರಲಿಲ್ಲವೆಂದು ನಾನು ಒತ್ತಿದಷ್ಟೂ ಎಳೆ ಬೆಳೆಯುತ್ತಿತ್ತು, ಎಳೆ ಬೆಳೆದಷ್ಟೂ ನಾನು ಒತ್ತುತ್ತಿದ್ದೆ.

ಭಾನುವಾರ ಎಲ್ಲವನ್ನೂ ತಕ್ಕಡಿಯ ಮೇಲೆಯೇ ಮಾಡಿದೆ. ಕಾರ್ಬೈಡ್ ಸೀಳಿನಲ್ಲಿ 500 ಗ್ರಾಂ ಮೀರದಂತೆ ನಾಲ್ಕು ಸಲ, ಬುಡದಿಂದ ಮೊನೆಯವರೆಗೆ, ಒಂದೇ ದಿಕ್ಕಿನಲ್ಲಿ. ಆಮೇಲೆ ಪ್ಯಾಕಿಂಗ್ ಪೆಟ್ಟಿಗೆಯಿಂದ ಕಿತ್ತ ಮೆದು ಪೈನ್ ಮರದ ಅಂಚಿಗೆ ಅಲಗನ್ನು ಆನಿಸಿ, ಮರ ಕೊಯ್ಯದಷ್ಟು ಹಗುರವಾಗಿ ಎರಡು ಸಲ ಎಳೆದೆ. ಮರದ ಮೇಲೆ ಬೂದುಗೆರೆಯೊಂದು ಉಳಿಯಿತು, ಉದುರಿದ ಎಳೆಯ ಬಹುಪಾಲು ಅಲ್ಲಿತ್ತು. ನಂತರ ಸೆರಾಮಿಕ್ ಸೀಳಿನಲ್ಲಿ ಚಾಕುವಿನ ಸ್ವಂತ ತೂಕಕ್ಕಿಂತ ಹೆಚ್ಚೇನೂ ಬೀಳದಂತೆ, ತಕ್ಕಡಿ 150 ಗ್ರಾಂ ದಾಟಿದರೆ ಎಣಿಕೆಗೆ ತೆಗೆದುಕೊಳ್ಳದೆ, ಆರು ಸಲ. ಕೊನೆಗೆ ಅಪ್ಪನ ಹಳೆಯ ಬೆಲ್ಟಿನ ಒಳಮೈಯನ್ನು ಹಲಗೆಗೆ ಅಂಟಿಸಿ, ಲೋಹಕ್ಕೆ ಹೊಳಪು ಕೊಡುವ ಹಸಿರು ಪಾಲಿಶ್ ಸವರಿ, ಅಂಚು ಹಿಂದಿರುವಂತೆ ಪ್ರತಿ ಬದಿಗೆ ಹತ್ತು ಸಲ. ಹತ್ತಿ ಎರಡೂ ಕಡೆ ಜಾರಿತು. ಕಾಗದವನ್ನು ಸೀಳುವಾಗ ಹಿಂದಿನ ಆ ನಾಟಕೀಯ ನಯ ಇರಲಿಲ್ಲ, ತುಸು ಒರಟಾಗಿಯೇ ಸೀಳಿತು, ಆದ್ದರಿಂದ ಸೋತೆನೆಂದೇ ಭಾವಿಸಿದ್ದೆ. ಆದರೆ ಒಂಬತ್ತು ಟೊಮೆಟೊಗಳಲ್ಲಿ ಒಂದೂ ಅಪ್ಪಚ್ಚಿಯಾಗಲಿಲ್ಲ. ಅಂದಿನಿಂದ ಐದು ದಿನ ದಿನವಹಿ ಅಡುಗೆಗೆ ಬಳಸಿ, ರಾತ್ರಿ ಒಂದೊಂದು ಹಣ್ಣಿನ ಮೇಲೆ ಪರೀಕ್ಷಿಸುತ್ತಿದ್ದೇನೆ. ಮನೆಯವರು ಸ್ಟೀಲ್ ತಟ್ಟೆಯಲ್ಲಿಟ್ಟು ನಿಂಬೆಹಣ್ಣು ಹೆಚ್ಚಿದ ಒಂದು ಅಪಚಾರವನ್ನೂ ಅದು ಸಹಿಸಿಕೊಂಡಿದೆ.

ಉಳಿದಿರುವ ತಕರಾರು ಬುಡದ್ದು. ಸಾಣೆಯ ಪ್ಲಾಸ್ಟಿಕ್ ಗೋಡೆ ಅಡ್ಡ ಬರುವುದರಿಂದ ಹಿಡಿಯ ಪಕ್ಕದ 14 ಮಿ.ಮೀ. ಅಲಗು ಸೀಳನ್ನು ಮುಟ್ಟುವುದೇ ಇಲ್ಲ. ಮುಟ್ಟಿದ ಭಾಗ ಸವೆದು, ಮುಟ್ಟದ ಭಾಗ ಹಾಗೆಯೇ ಉಳಿದು, ಈಗಾಗಲೇ ನಡುವೆ ಒಂದು ಸಣ್ಣ ತಗ್ಗು ಬಿದ್ದಿದೆ. ಅಲಗು ಮಣೆಗೆ ಪೂರ್ತಿ ಕೂರದ ಆ ಜಾಗದಲ್ಲಿ ಕೊತ್ತಂಬರಿ ದಂಟು ಕತ್ತರಿಸಿದಂತೆ ಕಂಡರೂ ಎತ್ತಿದಾಗ ಮಾವಿನ ತೋರಣದ ಹಾಗೆ ಸಾಲಾಗಿ ಎದ್ದುಬರುತ್ತದೆ. ಸೆರಾಮಿಕ್ ಲೋಟವನ್ನು ಬೋರಲು ಹಾಕಿ, ತಳದಲ್ಲಿ ಮೆರುಗಿಲ್ಲದ ಬಳೆಯಂಥ ಅಂಚಿನ ಮೇಲೆ ಬುಡವನ್ನು ಕೈಯಿಂದಲೇ ತಿಕ್ಕುತ್ತಿದ್ದೇನೆ. ಮೂರು ದಿನದಲ್ಲಿ ಅರ್ಧ ಇಳಿದಿದೆ. ಕೋನ 20 ಡಿಗ್ರಿ ಇದೆಯೆಂದು ಪ್ರಮಾಣ ಮಾಡಲಾರೆ.

ಈ ತಿಕ್ಕಾಟದ ನಡುವೆಯೇ ಕಣ್ಣು ಅಮ್ಮನ ಮೆಟ್ಟುಗತ್ತಿಯ ಮೇಲೆ ಬಿದ್ದಿದೆ. ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯಿಂದ ಬಂದದ್ದು. ಬಾಳೆಕಾಯಿಯ ಕಲೆ ಕುಡಿದು ಕಪ್ಪಾಗಿರುವ, ಒರೆಸಿಡದಿದ್ದರೆ ತುಕ್ಕು ಹಿಡಿಯುವ ಹಳೆಯ ಉಕ್ಕು. ಅದನ್ನು ಎಳೆಯಲು ಬರುವುದಿಲ್ಲ, ಮಣೆಗೆ ನಾಟಿಕೊಂಡು ನಿಂತಿರುತ್ತದೆ. ಆದ್ದರಿಂದ ಸಾಣೆಯನ್ನೇ ತಲೆಕೆಳಗು ಮಾಡಿ ಅಲಗಿನ ಮೇಲೆ ಜಾರಿಸಬೇಕು. ಆದರೆ ಸೀಳಿನ ಬಾಯಿ 3 ಮಿ.ಮೀ., ಕತ್ತಿಯ ಬೆನ್ನು ವರ್ನಿಯರ್ ಅಳತೆಯಲ್ಲಿ 4.2 ಮಿ.ಮೀ. ಅಂಚಿನ ಹತ್ತಿರ ಸಾಕಷ್ಟು ತೆಳ್ಳಗಿರುವುದರಿಂದ ಸೀಳು ಕೂರಬಹುದೆಂದು ನನ್ನ ಲೆಕ್ಕ. ತಕ್ಕಡಿಯ ಉಪಾಯ ಇಲ್ಲಿ ನಡೆಯದು. ಮಣೆಸಮೇತ ಕತ್ತಿಯನ್ನು ಇಡಲು ಗುಜರಿಯವರ ತಕ್ಕಡಿಯೇ ಬೇಕು. ಮಾರ್ಕರ್ ಪೆನ್ನು ಹಿಡಿದು ಹತ್ತಿರ ಹೋದಾಗ ಅಮ್ಮ ಕತ್ತಿಯನ್ನು ಕಾಲಿನಿಂದ ತಮ್ಮತ್ತ ಸರಿಸಿಕೊಂಡು, "ಮೊದಲು ನಿನ್ನ ಚಾಕುವಿನ ಬುಡ ಸರಿಮಾಡು, ಆಮೇಲೆ ಇದನ್ನು ಮುಟ್ಟುವಿಯಂತೆ" ಎಂದಿದ್ದಾರೆ. ಲೋಟದ ತಳ ಮತ್ತೆ ಬೂದುಬಣ್ಣಕ್ಕೆ ತಿರುಗಿದೆ, ನಾಳೆ ಬೆಳಿಗ್ಗೆ ಅದನ್ನು ತೊಳೆದು ಉಳಿದ 7 ಮಿ.ಮೀ. ಮುಂದುವರಿಸಬೇಕು.