ಗದ್ದ ಕೆಳಗೆ, ಮುಖ ಎಡಕ್ಕೆ

ನಮ್ಮ ಕಡೆ ಮುದ್ದೆಯನ್ನು ಅಗಿದು ತಿಂದರೆ ನಗುತ್ತಾರೆ. ಮುರಿ, ಉಂಡೆ ಮಾಡು, ಸಾರಲ್ಲಿ ಅದ್ದು, ನುಂಗು. ಅಷ್ಟೇ. ಬೆಂಗಳೂರಿನ ನೆಂಟರು ಬಂದು ಮುದ್ದೆ ಅಗಿಯುತ್ತಾ ಕೂತರೆ ಅಪ್ಪ ಬಿಡುತ್ತಿರಲಿಲ್ಲ. "ಅದೇನು ಹಲ್ಲಿಗೆ ಮೆತ್ಕೊಳ್ಳೋಕೆ ಮಾಡಿರೋದಾ?" ಅಂತ ರೇಗಿಸುತ್ತಿದ್ದರು. 71 ವರ್ಷ ಹೀಗೆ ನುಂಗಿದ ಮನುಷ್ಯನಿಗೆ ಒಂದು ಚಮಚ ನೀರು ನುಂಗುವುದನ್ನು ಹೊಸದಾಗಿ ಕಲಿಸಬೇಕಾಗುತ್ತದೆ ಅಂತ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ನಮ್ಮದು ಮದ್ದೂರಿನ ಹತ್ತಿರದ ಹಳ್ಳಿ. ನನ್ನದು ಒಂದು ಸಣ್ಣ ಜೆರಾಕ್ಸ್ ಅಂಗಡಿ. ಹೋದ ವರ್ಷ ದೀಪಾವಳಿ ಆದ ವಾರಕ್ಕೆ ಅಪ್ಪನಿಗೆ ಸ್ಟ್ರೋಕ್ ಆಯಿತು. ಎಡಗೈ, ಎಡಗಾಲು ಬಿದ್ದುಹೋದವು. ಮಾತು ಸ್ವಲ್ಪ ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. ಸೇರಿಸಿದ್ದ ಆಸ್ಪತ್ರೆಯಲ್ಲಿ ಮೂಗಿಗೆ ಹಾಕಿದ್ದ ನಳಿಕೆಯನ್ನು ಒಂಬತ್ತನೇ ದಿನ ತೆಗೆದರು. "ಮೆತ್ತಗೆ ಗಂಜಿ ಕೊಡಿ" ಅಂದರು. ಬಿಲ್ಲು ಕಟ್ಟಿ ಬಂದೆವು. ಇವರು ಸರಿಯಾಗಿ ನುಂಗುತ್ತಾರಾ ಅಂತ ಒಂದು ಸಲ ನೋಡಿ ಕಳಿಸಬೇಕಿತ್ತು. ಯಾರೂ ನೋಡಲಿಲ್ಲ. ಕೇಳಬೇಕು ಅಂತ ನಮಗೂ ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನೀರು ಕುಡಿದಾಗಲೆಲ್ಲ ಅಪ್ಪ ಕೆಮ್ಮುತ್ತಿದ್ದರು. ಅಮ್ಮ ನೆತ್ತಿ ತಟ್ಟಿ "ಯಾರೋ ನೆನೆಸ್ಕೊಂಡ್ರು" ಅನ್ನುತ್ತಿದ್ದಳು. ಐದಾರು ದಿನಕ್ಕೆ ಕೆಮ್ಮು ನಿಂತಿತು. ಸರಿಹೋಯಿತು ಅಂತ ಎಲ್ಲರಿಗೂ ಖುಷಿ. ಅದಾಗಿ ಮೂರನೇ ದಿನ ಚಳಿಜ್ವರ. ನ್ಯುಮೋನಿಯಾ. ಮತ್ತೆ ಅಡ್ಮಿಟ್, ಮತ್ತೆ ಮೂಗಿಗೆ ನಳಿಕೆ.

ಈ ಸಲ ಬೇರೆ ಆಸ್ಪತ್ರೆ. ಅಲ್ಲಿನ ಡಾಕ್ಟರು ಚೀಟಿಯಲ್ಲಿ ಬರೆದಿದ್ದು ಸ್ಪೀಚ್ ಥೆರಪಿ. ನಮ್ಮ ಚಿಕ್ಕಪ್ಪ ಚೀಟಿ ತಿರುಗಿಸಿ ನೋಡಿ, "ಮಾತು ಬರ್ತಾ ಇದೆಯಲ್ಲೋ, ಇದ್ಯಾಕೆ? ಸುಮ್ನೆ ದುಡ್ಡು ಕೀಳೋಕೆ" ಅಂದ. ನನಗೂ ಹಾಗೇ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಬಂದ ಥೆರಪಿಸ್ಟ್ ಇಪ್ಪತ್ತಾರು, ಇಪ್ಪತ್ತೇಳರ ಹುಡುಗಿ. ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಆಯಿಷ್‌ನಲ್ಲಿ, ಅಂದರೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ. 1965ರಲ್ಲಿ ಶುರುವಾದ ಸಂಸ್ಥೆ ಅದು, ಮೈಸೂರಿನವರ ಬಾಯಲ್ಲಿ 'ಸ್ಪೀಚ್ ಅಂಡ್ ಹಿಯರಿಂಗ್'. ಕಿವಿ ಕೇಳದ ಮಕ್ಕಳಿಗೆ ಮಾತ್ರ ಅಂದುಕೊಂಡಿದ್ದೆ. ಆ ಹುಡುಗಿ ಹೇಳಿದ್ದು ಇಷ್ಟು: "ಮಾತಾಡೋಕೆ ಬೇಕಾದ ತುಟಿ, ನಾಲಿಗೆ, ಅಂಗುಳ, ಗಂಟಲು ಇವೇ ಅಲ್ವಾ ಸರ್ ನುಂಗೋಕೂ ಬೇಕಾಗಿರೋದು?"

ಮೊದಲು ಅಪ್ಪನನ್ನು ನೆಟ್ಟಗೆ ಕೂರಿಸಿದಳು. ಬಾಯಿ ತೆರೆಸಿ ಟಾರ್ಚ್ ಬಿಟ್ಟು ನೋಡಿದಳು. ನಾಲಿಗೆ ಆ ಕಡೆ ಈ ಕಡೆ ಆಡಿಸಿ ಅಂದಳು, ಜೋರಾಗಿ ಕೆಮ್ಮಿ ಅಂದಳು, "ಆ" ಅನ್ನಿ ಅಂದಳು. ಆಮೇಲೆ ಅರ್ಧ ಚಮಚ ನೀರು ಕೊಟ್ಟು, ನಾಲ್ಕು ಬೆರಳನ್ನು ಗದ್ದದ ಕೆಳಗಿನಿಂದ ಗಂಟಲಿನವರೆಗೆ ಹಗುರವಾಗಿ ಇಟ್ಟುಕೊಂಡು ಕಾದಳು. ನುಂಗುವಾಗ ಗಂಟಲ ಗುಬುಟು ಮೇಲೆ ಹೋಗಿ ಕೆಳಗೆ ಬರುತ್ತದಲ್ಲ, ಅದನ್ನು ಬೆರಳಲ್ಲೇ ನೋಡುತ್ತಾರಂತೆ. ಅಪ್ಪನದು ತಡವಾಗಿ, ಅರ್ಧಕ್ಕೆ ಎದ್ದು ಕೂತುಬಿಟ್ಟಿತು. "ಈಗ ಮತ್ತೆ ಆ ಅನ್ನಿ." ಅಪ್ಪನ "ಆ" ಬಾಯಿ ಮುಕ್ಕಳಿಸುತ್ತಾ ಮಾತಾಡಿದ ಹಾಗೆ ಗೊಳಗೊಳ ಅಂತಿತ್ತು. ಕೆಮ್ಮು ಮಾತ್ರ ಬರಲಿಲ್ಲ.

"ಕೆಮ್ಮು ಬಂದಿದ್ರೆ ಚೆನ್ನಾಗಿತ್ತು" ಅಂದಳು. ನಾವು ಖುಷಿಪಟ್ಟ ದಿನಗಳಲ್ಲಿ ಆಗಿದ್ದೂ ಅದೇ ಇರಬೇಕಂತೆ. ನೀರು ಶ್ವಾಸನಾಳಕ್ಕೆ ಇಳಿದರೂ ಗಂಟಲಿಗೆ ಅದು ಗೊತ್ತಾಗುತ್ತಿರಲಿಲ್ಲ.

ಅದನ್ನು ಕಣ್ಣಾರೆ ನೋಡಿದ್ದು ಮೈಸೂರಿನಲ್ಲಿ, ಎಕ್ಸ್‌ರೇ ವಿಡಿಯೋದಲ್ಲಿ. ನೀರಿಗೆ, ಮೊಸರಿಗೆ, ಬಿಸ್ಕತ್ತಿಗೆ ಎಕ್ಸ್‌ರೇಯಲ್ಲಿ ಎದ್ದು ಕಾಣುವ ಬೇರಿಯಂ ಸೇರಿಸಿ ಕೊಡುತ್ತಾರೆ. ಪಕ್ಕದಿಂದ ಎಕ್ಸ್‌ರೇ ಓಡುತ್ತಿರುತ್ತದೆ. ಗಂಟಲಲ್ಲಿ ತುತ್ತು ದಾಟುವುದು ಸುಮಾರು ಒಂದು ಸೆಕೆಂಡಿನ ಕೆಲಸ. ಅಷ್ಟರಲ್ಲಿ ಧ್ವನಿಪೆಟ್ಟಿಗೆ ಮೇಲೇರಿ, ಎಲೆಯಂಥ ಮುಚ್ಚಳ ಬಾಗಿ, ಉಸಿರಿನ ದಾರಿ ಮುಚ್ಚಬೇಕು. ಅಪ್ಪನ ದಾರಿ ಮುಚ್ಚುವ ಮೊದಲೇ ನೀರು ಬಂದುಬಿಟ್ಟಿತ್ತು. ಪರದೆಯ ಮೇಲೆ ಸಣ್ಣ ಕಪ್ಪು ಗೆರೆ ಶ್ವಾಸನಾಳದ ಮುಂದಿನ ಗೋಡೆ ಹಿಡಿದು ಜಾರಿತು. ಅಪ್ಪ ನಮ್ಮನ್ನೇ ನೋಡುತ್ತಾ ಆರಾಮಾಗಿ ಕೂತಿದ್ದರು.

ಅಲ್ಲೇ, ಎಕ್ಸ್‌ರೇ ಓಡುತ್ತಿರುವಾಗಲೇ, ಬೇರೆ ಬೇರೆ ಭಂಗಿ ಮಾಡಿಸಿ ನೋಡಿದರು. ಗದ್ದ ಎದೆಗೆ ತಂದರೆ ಸ್ವಲ್ಪ ಕಡಿಮೆಯಾಯಿತು. ಗದ್ದ ಇಳಿಸಿ ಮುಖವನ್ನು ಎಡಕ್ಕೆ ತಿರುಗಿಸಿದರೆ, ಅಂದರೆ ಬಲ ಇಲ್ಲದ ಕಡೆಗೆ, ಆ ಕಡೆಯ ದಾರಿ ಕಿರಿದಾಗಿ ತುತ್ತು ಗಟ್ಟಿ ಇರುವ ಬಲಗಡೆಯಿಂದ ಇಳಿಯಿತು. ಸ್ವಲ್ಪ ಮಂದ ಮಾಡಿದ ನೀರು ಒಂದು ಹನಿಯೂ ಅಡ್ಡದಾರಿ ಹಿಡಿಯಲಿಲ್ಲ. ಇದು ನಮ್ಮಪ್ಪನ ಲೆಕ್ಕ. ನಮ್ಮ ಬೀದಿಯಲ್ಲೇ ಒಬ್ಬರು ಇದನ್ನು ಕೇಳಿಕೊಂಡು ಹೋಗಿ ಅವರತ್ತೆಗೆ ಮಾಡಿಸಲು ಹೊರಟಿದ್ದರು. ಪರೀಕ್ಷೆ ಮಾಡಿಸದೆ ಬೇಡ ಅಂತ ಬೈದು ಕಳಿಸಿದೆ.

ಅಪ್ಪನಿಗೆ ಜಾಸ್ತಿ ಕಷ್ಟವಾಗಿದ್ದು ನೀರು ಕುಡಿಯುವ ರೀತಿ ಬಿಡುವುದು. ನಮ್ಮಲ್ಲಿ ಲೋಟ ಕಚ್ಚಿ ಕುಡಿಯುವುದು ಎಂಜಲು. ತಲೆ ಎತ್ತಿ, ಮೇಲಿಂದ ಸುರಿದುಕೊಳ್ಳಬೇಕು. ಇವರಿಗೆ ಅದೇ ಅಪಾಯ. ತಲೆ ಹಿಂದಕ್ಕೆ ಹೋದರೆ ನೀರು ನೇರ ಗಂಟಲಿಗೆ ಜಾರುತ್ತದೆ, ಉಸಿರಿನ ದಾರಿಯೂ ತೆರೆದೇ ಇರುತ್ತದೆ. ತಿಂಗಳುಗಟ್ಟಲೆ ಮನೆಯಲ್ಲಿ ಇದೇ ಜಗಳ.

ಇನ್ನು ಮಂದ ಮಾಡುವುದು. ಕುಡಿಯುವುದು, ತಿನ್ನುವುದು ಎಷ್ಟು ತೆಳು, ಎಷ್ಟು ಗಟ್ಟಿ ಅನ್ನುವುದಕ್ಕೆ 0ಯಿಂದ 7ರವರೆಗೆ ಮಟ್ಟಗಳಿವೆ. ಅಪ್ಪನಿಗೆ ಕುಡಿಯುವುದೆಲ್ಲ 2ನೇ ಮಟ್ಟದಲ್ಲಿರಬೇಕು ಅಂದರು. ಅಳೆಯುವುದು ಸುಲಭ. 10 ಎಂಎಲ್ ಸಿರಿಂಜಿನ ಹಿಂದಿನ ದಂಡ ತೆಗೆದು, ಕೆಳಗಿನ ತೂತು ಬೆರಳಲ್ಲಿ ಮುಚ್ಚಿ, ತುಂಬಿಸಿ, ಬೆರಳು ತೆಗೆದು 10 ಸೆಕೆಂಡ್ ಎಣಿಸಬೇಕು. 4ರಿಂದ 8 ಎಂಎಲ್ ಒಳಗೆ ಉಳಿದರೆ 2ನೇ ಮಟ್ಟ. ನಾನು ಅಂಗಡಿಗೆ ಹೋಗುವ ಮುಂಚೆ ದಿನಾ ಮಜ್ಜಿಗೆ, ಅಂಬಲಿ, ಕಾಫಿ ಎಲ್ಲ ಅಳೆದಿಟ್ಟು ಹೋಗುತ್ತಿದ್ದೆ. ಬೆಳಿಗ್ಗೆ ಸರಿಯಿದ್ದ ರಾಗಿ ಅಂಬಲಿ ಹತ್ತು ಗಂಟೆಗೆ ಆರಿ ಗಟ್ಟಿಯಾಗಿರುತ್ತಿತ್ತು. ಅದಕ್ಕಿಂತ ವಿಚಿತ್ರ ಎಂದರೆ, ಅಪ್ಪ ಅರ್ಧ ಕುಡಿದಿಟ್ಟ ಬಟ್ಟಲಲ್ಲಿ ತಳ ನೀರಾಗಿರುತ್ತಿತ್ತು. ಅಮ್ಮ ರಾಗಿ ಹಿಟ್ಟಿನವನನ್ನು ಬೈದಳು. ಆಮೇಲೆ ಗೊತ್ತಾಯಿತು, ಬಾಯಿಗಿಟ್ಟ ಚಮಚವನ್ನೇ ಮತ್ತೆ ಬಟ್ಟಲಿಗೆ ಅದ್ದುತ್ತಿದ್ದೆವು. ಎಂಜಲು ಪಿಷ್ಟವನ್ನು ಒಡೆದು ಅಂಬಲಿಯನ್ನು ತೆಳು ಮಾಡುತ್ತದೆ. ಅವತ್ತಿಂದ ಎರಡು ಬಟ್ಟಲು.

ಸಾರನ್ನ ಬಂದ್. ಅನ್ನ ಬಾಯಲ್ಲಿ ಉಳಿದಿರುವಾಗಲೇ ಸಾರು ಗಂಟಲಿಗೆ ಓಡಿಬಿಡುತ್ತದೆ, ಒಂದೇ ತುತ್ತಲ್ಲಿ ಎರಡು ವೇಗ. ಅದರ ಬದಲು ಅನ್ನ ಸಾರನ್ನು ಮಿಕ್ಸಿಯಲ್ಲಿ ರುಬ್ಬಿ ಕೊಡುತ್ತಿದ್ದೆವು. ಅಪ್ಪ ಅದನ್ನು ಗೋಡೆಗೆ ಬಳಿಯೋ ಗಾರೆ ಅನ್ನುತ್ತಿದ್ದರು.

ದಿನಕ್ಕೆ ಮೂರು ಸಲ ಬಾಯಿ ತೊಳೆಸುವುದಂತೂ ತಪ್ಪುವ ಹಾಗೇ ಇರಲಿಲ್ಲ. ಎಂಜಲು ತಪ್ಪಿ ಒಳಗೆ ಹೋದರೂ ಅದರ ಜೊತೆ ಕೀಟಾಣು ಜಾಸ್ತಿ ಹೋಗಬಾರದು ಅಂತ. ಎಡಗೆನ್ನೆಯ ಸಂದಿಯಲ್ಲಿ ಅಪ್ಪನಿಗೇ ಗೊತ್ತಿಲ್ಲದೆ ಊಟ ಉಳಿದಿರುತ್ತಿತ್ತು.

ವ್ಯಾಯಾಮದಲ್ಲಿ, ಅಂಗಾತ ಮಲಗಿ ಭುಜ ಏಳಿಸದೆ ತಲೆ ಮಾತ್ರ ಎತ್ತಿ ಕಾಲ್ಬೆರಳು ನೋಡುವುದು ಒಂದಿತ್ತು. ಅಪ್ಪನಿಗೆ ಕತ್ತು ನೋವು, ಆಗಲಿಲ್ಲ. ಬದಲಿಗೆ ಗದ್ದದ ಕೆಳಗೆ ಮೆತ್ತನೆ ಚೆಂಡು ಇಟ್ಟು ಎದೆಗೆ ಒತ್ತುವುದು, 30 ಸಲ. ಚೆಂಡು ನನ್ನ ಮಗಳದು, ಹಳದಿ ಬಣ್ಣದ್ದು. ಅವಳೇ ಎಣಿಸುತ್ತಿದ್ದಳು, ಹದಿನೇಳು ಆದ ಮೇಲೆ ಹತ್ತೊಂಬತ್ತು ಅನ್ನುತ್ತಿದ್ದಳು. ತಾತ ಸರಿ ಮಾಡುತ್ತಿರಲಿಲ್ಲ, ಒಂದು ಉಳಿಯಿತಲ್ಲ ಅಂತ. ಥೆರಪಿಸ್ಟ್ ಕನ್ನಡದಲ್ಲಿ ಬರೆದುಕೊಟ್ಟ ಹಾಳೆಯನ್ನು ಇಪ್ಪತ್ತು ಪ್ರತಿ ತೆಗೆದು ಅವಳಿಗೇ ಕೊಟ್ಟೆ. ನನ್ನ ಕೈಲಾಗಿದ್ದು ಅದೇ.

ನಾಲ್ಕು ತಿಂಗಳ ಮೇಲೆ ಮತ್ತೆ ಎಕ್ಸ್‌ರೇ ವಿಡಿಯೋ. ಕತ್ತು ತಿರುಗಿಸಿ ಕುಡಿದರೆ ಬರೀ ನೀರೂ ಸರಿಯಾಗಿ ಇಳಿಯುತ್ತಿದೆ. ತಪ್ಪಿ ಹೋದರೆ ಕೆಮ್ಮೂ ಬರುತ್ತಿದೆ. ಮಂದ ಮಾಡದ ಕಾಫಿ ಸಿಕ್ಕ ದಿನ ಅಪ್ಪ ಎರಡು ಲೋಟ ಕೇಳಿದರು. ಮುದ್ದೆ ಮಾತ್ರ ಇನ್ನೂ ಇಲ್ಲ. ಅಂಟುತ್ತದೆ, ಅಗಿಯದೆ ಇಡೀ ಉಂಡೆ ಹೋಗುತ್ತದೆ, ಗಂಟಲಲ್ಲಿ ಕೂತರೆ ಕಷ್ಟ. "ಅದು ಕೊನೇಗೆ ಅಂಕಲ್" ಅಂದಿದ್ದಾಳೆ ಥೆರಪಿಸ್ಟ್.

ಮೊನ್ನೆ ರಾತ್ರಿ ನಾವೆಲ್ಲ ಮುದ್ದೆ ಉಪ್ಸಾರು ಉಣ್ಣುತ್ತಿದ್ದಾಗ, ನಮ್ಮ ತಟ್ಟೆ ನೋಡುತ್ತಾ ನೀರು ಕುಡಿದ ಅಪ್ಪನಿಗೆ ಜೋರು ಕೆಮ್ಮು ಬಂತು. ಅಭ್ಯಾಸಬಲದಿಂದ ಅಮ್ಮನ ಕೈ ನೆತ್ತಿಗೆ ಹೋಯಿತು. ಅಲ್ಲೇ ನಿಂತು, ಗದ್ದಕ್ಕೆ ಇಳಿದು, ಮುಖವನ್ನು ಎಡಕ್ಕೆ ತಿರುಗಿಸಿತು. ಕೆಮ್ಮು ನಿಂತ ಮೇಲೆ ಅಮ್ಮ ಕೇಳಿದಳು, "ಯಾರು ನೆನೆಸ್ಕೊಂಡ್ರೋ?"

"ಮುದ್ದೆ" ಅಂದರು ಅಪ್ಪ.